ಪದಚರ್ಚೆ: ‘ಇಂಟಿಜರ್ ಓವರ್‌ಫ್ಲೋ’ಗೆ ಉಕ್ಕುವಿಕೆಯೋ, ಮಿತಿಮೀರಿಕೆಯೋ, ಹೊರಳಿಕೆಯೋ?

ಪ್ರಶ್ನೆ

ನಮಸ್ಕಾರ. ವೆಬ್ ಅಪ್ಲಿಕೇಶನ್ ಒಂದರ ನಿರ್ವಹಣಾ ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಟೈಮ್‌ಸ್ಟ್ಯಾಂಪ್‌ಗಳನ್ನು (ದಿನಾಂಕ, ಸಮಯದ ದಾಖಲೆಗಳು) ಡೇಟಾಬೇಸಿನಲ್ಲಿ 32 ಬಿಟ್ ಪೂರ್ಣಾಂಕವಾಗಿ ಇಟ್ಟರೆ ಆಗುವ ಓವರ್‌ಫ್ಲೋ (ಸಂಖ್ಯೆ ತನಗಿಟ್ಟ ಜಾಗದಲ್ಲಿ ಹಿಡಿಸದೆ ಹೋಗುವುದು) ಬಗ್ಗೆ ಅದರಲ್ಲಿ ಒಂದು ಎಚ್ಚರಿಕೆ ಬರಬೇಕು. ಕರಡಿನಲ್ಲಿ ಒಂದು ಕಡೆ ‘ಪೂರ್ಣಾಂಕದ ಉಕ್ಕುವಿಕೆ’, ಇನ್ನೊಂದು ಕಡೆ ‘ಮಿತಿಮೀರಿಕೆ’ ಎಂದಿದೆ. ಯಾವುದನ್ನು ಉಳಿಸಿಕೊಳ್ಳಬೇಕು? ‘ಟೈಮ್‌ಸ್ಟ್ಯಾಂಪ್’ಗೆ ‘ಸಮಯಮುದ್ರೆ’ ಸರಿಯೇ? ಕೆಳಗಿನ ಮಿತಿ ದಾಟಿದರೆ ‘ಅಂಡರ್‌ಫ್ಲೋ’ ಎನ್ನಬೇಕೇ? ಕರಡಿನ ವಾಕ್ಯ ಹೀಗಿದೆ: “2038ರ ಜನವರಿ 19ರ ನಂತರ ಸಮಯಮುದ್ರೆ ಉಕ್ಕಿ ಹರಿದು ದತ್ತಾಂಶ ಕಳೆದುಹೋಗುತ್ತದೆ.” ತಿದ್ದಿಕೊಡಬೇಕಾಗಿ ವಿನಂತಿ.

ಉತ್ತರ 1

ಪದಕ್ಕಿಂತ ಮೊದಲು ವಾಕ್ಯವನ್ನೇ ತಿದ್ದಬೇಕು. ಅದರಲ್ಲಿ ಎರಡು ತಪ್ಪುಗಳಿವೆ. ಒಂದು, ತೊಂದರೆ 2038ರ ತನಕ ಕಾಯುವುದಿಲ್ಲ. ಇನ್ನೊಂದು, ದತ್ತಾಂಶ ಎಲ್ಲ ಕಡೆಯೂ ಕಳೆದುಹೋಗುವುದಿಲ್ಲ. ಕೆಲವು ಕಡೆ ಬರವಣಿಗೆಯೇ ನಿಲ್ಲುತ್ತದೆ, ಕೆಲವು ಕಡೆ ತಪ್ಪು ಬೆಲೆ ಸದ್ದಿಲ್ಲದೆ ಕೂರುತ್ತದೆ. ‘ಉಕ್ಕುವಿಕೆ’ ಎಂಬ ಒಂದೇ ಪದ ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಘಟನೆಗೆ ಒಂದು ಪದ, ಅದರ ಪರಿಣಾಮಗಳಿಗೆ ಬೇರೆ ಬೇರೆ ಪದ ಇರಲಿ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಹೀಗಿದೆ. ಯುನಿಕ್ಸ್ ಸಮಯವೆಂದರೆ 1970ರ ಜನವರಿ 1ರ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳು. ಚಿಹ್ನೆಯುಳ್ಳ, ಅಂದರೆ ಋಣ ಸಂಖ್ಯೆಗೂ ಜಾಗವಿರುವ, 32 ಬಿಟ್ ಪೂರ್ಣಾಂಕದಲ್ಲಿ ಹಿಡಿಸುವ ಗರಿಷ್ಠ ಬೆಲೆ 2147483647. ಅದು 2038ರ ಜನವರಿ 19ರ ಯುಟಿಸಿ 03:14:07, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44:07. ಮುಂದಿನ ಸೆಕೆಂಡಿಗೆ ಈ ಜಾಗದಲ್ಲಿ ಬೆಲೆಯೇ ಇಲ್ಲ. ಈ ಘಟನೆಗೆ ‘ಮಿತಿಮೀರಿಕೆ’ ಸಾಕು. ನೀರು, ಹಾಲು ಯಾವುದರ ಚಿತ್ರವೂ ಬೇಕಿಲ್ಲ. ‘ಬೆಲೆ’ ಎಂದು ಬರೆದದ್ದು ಬೇಕೆಂದೇ. ಶಾಲೆಯ ಗಣಿತದಲ್ಲಿ ‘ಎಕ್ಸ್‌ನ ಬೆಲೆ’ ಎಂದೇ ಓದಿದ್ದೇವೆ, ‘ಮೌಲ್ಯ’ಕ್ಕಿಂತ ಅದು ಹಗುರ.

ಇನ್ನು ಪರಿಣಾಮಗಳು. ಮೊದಲನೆಯದು ನಿರಾಕರಣೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಇಂಟಿಜರ್ ಕಾಲಮ್‌ಗೆ 2147483648 ಬರೆಯಹೊರಟರೆ ವ್ಯಾಪ್ತಿ ಮೀರಿದೆ ಎಂಬ ದೋಷ ಬರುತ್ತದೆ, ಸಾಲು ಸೇರುವುದಿಲ್ಲ. ಸ್ಟ್ರಿಕ್ಟ್ ಮೋಡ್‌ನಲ್ಲಿರುವ, ಅಂದರೆ ತಪ್ಪು ಬೆಲೆಯನ್ನು ಒಪ್ಪದ ಕಟ್ಟುನಿಟ್ಟಿನ ಸ್ಥಿತಿಯಲ್ಲಿರುವ, ಮೈಎಸ್‌ಕ್ಯುಎಲ್ ಡೇಟಾಬೇಸ್ ಕೂಡ 1264 ಸಂಖ್ಯೆಯ ದೋಷ ಕೊಟ್ಟು ನಿಲ್ಲುತ್ತದೆ. 5.7ನೇ ಆವೃತ್ತಿಯಿಂದ ಈ ಮೋಡ್ ಪೂರ್ವನಿಯೋಜಿತವಾಗಿಯೇ ಬರುತ್ತದೆ. ಬಳಕೆದಾರರಿಗೆ ಪುಟ ತೆರೆಯದಿರಬಹುದು, ಆದರೆ ಟೇಬಲ್‌ನಲ್ಲಿ ಸುಳ್ಳು ಸೇರಿಲ್ಲ. ಇದು ಎಲ್ಲಕ್ಕಿಂತ ಒಳ್ಳೆಯ ಕೆಡುಕು.

ಎರಡನೆಯದು ಮಿತಿಗೆ ಕತ್ತರಿಸುವಿಕೆ. ಸ್ಟ್ರಿಕ್ಟ್ ಮೋಡ್ ತೆಗೆದ ಮೈಎಸ್‌ಕ್ಯುಎಲ್ ಎಷ್ಟೇ ದೊಡ್ಡ ಸಂಖ್ಯೆ ಬಂದರೂ 2147483647 ಎಂದೇ ಬರೆದು, ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಆ ಎಚ್ಚರಿಕೆಯನ್ನು ಓದುವ ಕೋಡ್ ಬಹಳ ಕಡಿಮೆ. ನೀರಿನ ಚಿತ್ರ ಎಲ್ಲಾದರೂ ಹೊಂದುವುದಾದರೆ ಇಲ್ಲಿ ಮಾತ್ರ: ಕೆರೆ ಕೋಡಿ ಬಿದ್ದಾಗ ಹೆಚ್ಚಿನ ನೀರು ಹೊರಗೆ ಹೋಗುತ್ತದೆ, ಕೆರೆ ಅಂಚಿನ ಮಟ್ಟದಲ್ಲೇ ನಿಂತಿರುತ್ತದೆ. ‘ಕೋಡಿ’ ಎಂಬ ಪದ ಇಷ್ಟವಾದವರು ಈ ಅರ್ಥದಲ್ಲಿ ಬಳಸಬಹುದು, ಒಟ್ಟು ಘಟನೆಗೆ ಬೇಡ. ಒಂದು ವಿನಾಯಿತಿ ನೆನಪಿರಲಿ: ಮೈಎಸ್‌ಕ್ಯುಎಲ್‌ನ ಟೈಮ್‌ಸ್ಟ್ಯಾಂಪ್ ಪ್ರಕಾರದ ಕಾಲಮ್‌ನಲ್ಲಿ, ಅದೇ ಸಡಿಲ ಮೋಡ್‌ನಲ್ಲಿ, ವ್ಯಾಪ್ತಿ ಮೀರಿದ ದಿನಾಂಕ ಮಿತಿಯಲ್ಲಿ ನಿಲ್ಲುವುದಿಲ್ಲ. ‘0000-00-00 00:00:00’ ಎಂಬ ಸೊನ್ನೆ ದಿನಾಂಕವಾಗಿ ಬೀಳುತ್ತದೆ.

ಮೂರನೆಯದು ಹೊರಳಿಕೆ. ಜಾವಾ ಭಾಷೆಯ ಇಂಟ್ (ಚಿಹ್ನೆಯುಳ್ಳ 32 ಬಿಟ್ ಪೂರ್ಣಾಂಕ) ಗರಿಷ್ಠ ಬೆಲೆಯಲ್ಲಿದ್ದಾಗ ಒಂದು ಕೂಡಿಸಿದರೆ ಅದು ಹೊರಳಿ −2147483648 ಆಗುತ್ತದೆ, ಯಾವ ದೋಷವೂ ಬರುವುದಿಲ್ಲ. ದಿನಾಂಕವಾಗಿ ಓದಿದರೆ 1901ರ ಡಿಸೆಂಬರ್ 13, ಯುಟಿಸಿ 20:45:52. ‘ಮಗುಚು’ ಎಂಬ ಪದವೂ ಬಳಕೆಗೆ ಬಂದೀತು. ಆದರೆ ಮಗುಚಿದ್ದು ತಲೆಕೆಳಗಾಗುತ್ತದೆ, ಹೊರಳಿದ್ದು ಇನ್ನೊಂದು ಮಗ್ಗುಲಿಗೆ ಬರುತ್ತದೆ. ಇಲ್ಲಿ ಆಗುವುದು ಎರಡನೆಯದು. ಸಿ ಭಾಷೆಯ ಬಗ್ಗೆ ಬರೆಯುವಾಗ ಎಚ್ಚರ ಬೇಕು: ಚಿಹ್ನೆಯುಳ್ಳ ಪೂರ್ಣಾಂಕ ಮಿತಿ ಮೀರಿದರೆ ಏನಾಗಬೇಕೆಂದು ಅದರ ಮಾನಕವೇ ಹೇಳುವುದಿಲ್ಲ, ಆದ್ದರಿಂದ ‘ಹೊರಳುತ್ತದೆ’ ಎಂದು ಖಚಿತವಾಗಿ ಬರೆಯಬಾರದು.

ನಾಲ್ಕನೆಯದು ಬಿಟ್ ಉದುರುವಿಕೆ. ದೊಡ್ಡ ಸಂಖ್ಯೆಯನ್ನು ಚಿಕ್ಕ ಪ್ರಕಾರಕ್ಕೆ ಒತ್ತಿ ತುಂಬಿದಾಗ ಮೇಲಿನ 32 ಬಿಟ್‌ಗಳು ಉದುರಿ ಕೆಳಗಿನವು ಮಾತ್ರ ಉಳಿಯುತ್ತವೆ. ಜಾವಾಸ್ಕ್ರಿಪ್ಟ್ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಕೊಡುತ್ತದೆ, ಈಗ ಅದು 13 ಅಂಕಿಯ ಸಂಖ್ಯೆ. 1700000000000 ಎಂಬ ಬೆಲೆಯನ್ನು ಜಾವಾದಲ್ಲಿ ಇಂಟ್‌ಗೆ ಇಳಿಸಿದರೆ ಉಳಿಯುವುದು −807049216. ಜಾವಾಸ್ಕ್ರಿಪ್ಟ್‌ನಲ್ಲೇ ಭಿನ್ನರಾಶಿ ಕಳೆಯಲು ‘ಬಿಟ್‌ವೈಸ್ ಆರ್ ಸೊನ್ನೆ’ ಎಂಬ ಅಡ್ಡದಾರಿ ಹಿಡಿದರೂ ಇದೇ ಫಲ. ಆ ಕಾರ್ಯ ಸಂಖ್ಯೆಯನ್ನು ಮೊದಲು 32 ಬಿಟ್‌ಗೆ ಇಳಿಸುತ್ತದೆ.

ತೊಂದರೆ 2038ಕ್ಕೆ ಮೊದಲೇ ಏಕೆ ಬರುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಬಿಡಿಸಿ ಹೇಳಲೇಬೇಕು. ಡೇಟಾಬೇಸ್ ‘ಈಗ’ನ್ನು ಮಾತ್ರ ಇಡುವುದಿಲ್ಲ, ಅವಧಿ ಮುಗಿಯುವ ದಿನವನ್ನೂ ಇಡುತ್ತದೆ. 2018ರ ಜನವರಿ ಕೊನೆಯಲ್ಲಿ ಕೊಟ್ಟ 20 ವರ್ಷದ ಗೃಹಸಾಲದ ಕೊನೆಯ ಕಂತು ಆ ಗೆರೆಯನ್ನು ದಾಟಿದೆ. 2022–23ರ ಹಣಕಾಸು ವರ್ಷದಲ್ಲಿ ತೆರೆದ ಪಿಪಿಎಫ್ ಖಾತೆ ಪಕ್ವವಾಗುವುದು 2038ರ ಏಪ್ರಿಲ್‌ನಲ್ಲಿ. ‘ಎಂದೂ ಮುಗಿಯದು’ ಎಂದು ತೋರಿಸಲು 2099ರ ಡಿಸೆಂಬರ್ 31 ಹಾಕುವ ರೂಢಿಯೂ ಇದೆ, ಅದರ ಬೆಲೆ 4102358400. 2006ರ ಮೇ ತಿಂಗಳಲ್ಲೇ ಎಒಎಲ್‌ಸರ್ವರ್ ಎಂಬ ವೆಬ್ ಸರ್ವರ್ ಹೀಗೆ ಎಡವಿತ್ತು. ಡೇಟಾಬೇಸ್ ಕೋರಿಕೆಗೆ ಕಾಲಮಿತಿಯೇ ಬೇಡ ಎನ್ನುವ ಬದಲು ಅದರಲ್ಲಿ 100 ಕೋಟಿ ಸೆಕೆಂಡು ಇಟ್ಟಿದ್ದರು. ಆ ತಿಂಗಳ 13ರಂದು ‘ಈಗ’ಕ್ಕೆ 100 ಕೋಟಿ ಕೂಡಿಸಿದ ಮೊತ್ತ ಮಿತಿ ದಾಟಿತು.

ಯುನಿಕ್ಸ್ ಸಮಯವಲ್ಲದ ದಿನಾಂಕಗಳಿಗೂ ಇದು ತಪ್ಪಿದ್ದಲ್ಲ. 2022ರ ಜನವರಿ 1ರಂದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ಗಳಲ್ಲಿ ಮೇಲ್‌ಗಳು ಸಾಲುಗಟ್ಟಿ ನಿಂತವು. ವರ್ಷ, ತಿಂಗಳು, ದಿನಗಳನ್ನು ಜೋಡಿಸಿ ಮಾಡಿದ 2201010001 ಎಂಬ ಆವೃತ್ತಿ ಸಂಖ್ಯೆ 32 ಬಿಟ್‌ನಲ್ಲಿ ಹಿಡಿಸಲಿಲ್ಲ. ‘21’ರಿಂದ ಆರಂಭವಾಗುವ ಇಡೀ 2021 ಹಿಡಿಸಿತ್ತು, ‘22’ ಬಂದ ಕೂಡಲೇ ಮಿತಿಮೀರಿಕೆ. ಪರಿಣಾಮ ಹೊರಳಿಕೆಯಲ್ಲ, ನಿರಾಕರಣೆ.

‘ಸಮಯಮುದ್ರೆ’ ಓದಲು ಚೆನ್ನಾಗಿದೆ, ವಿವರಣೆಯಲ್ಲಿ ಬಳಸಿ. ಆದರೆ ಮೈಎಸ್‌ಕ್ಯುಎಲ್‌ನಲ್ಲಿ ‘ಟೈಮ್‌ಸ್ಟ್ಯಾಂಪ್’ ಎಂಬುದು ಒಂದು ದತ್ತಪ್ರಕಾರದ ಹೆಸರೂ ಹೌದು, ಅದರ ವ್ಯಾಪ್ತಿ 2038ರ ಜನವರಿ 19ಕ್ಕೆ ಮುಗಿಯುತ್ತದೆ. ಅದೇ ಮೈಎಸ್‌ಕ್ಯುಎಲ್‌ನ ಡೇಟ್‌ಟೈಮ್ 9999ರ ಕೊನೆಯವರೆಗೂ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೈಮ್‌ಸ್ಟ್ಯಾಂಪ್ ಎಂದರೆ 8 ಬೈಟ್, ಕ್ರಿ.ಶ. 294276ರವರೆಗೆ. ಮಾರಿಯಾಡಿಬಿ ಎಂಬ ಡೇಟಾಬೇಸ್‌ನ 11.5ನೇ ಆವೃತ್ತಿಯಿಂದ 64 ಬಿಟ್ ಯಂತ್ರಗಳಲ್ಲಿ 2106ರ ಫೆಬ್ರವರಿ 7ರವರೆಗೆ. ಒಂದೇ ಹೆಸರಿಗೆ ಮೂರು ಮಿತಿಗಳಿವೆ. ಆದ್ದರಿಂದ ಪ್ರಕಾರದ ಹೆಸರನ್ನು ಅನುವಾದಿಸದೆ, ಉತ್ಪನ್ನದ ಹೆಸರಿನ ಜತೆಗೇ ಬರೆಯಿರಿ.

‘ಅಂಡರ್‌ಫ್ಲೋ’ ಬೇಡ. ಅದು ದಶಮಾಂಶದ ಸಂಖ್ಯೆ ಸೊನ್ನೆಗೆ ತೀರಾ ಹತ್ತಿರವಾಗಿ ಇಲ್ಲವಾಗುವುದಕ್ಕೆ ಇರುವ ಪದ. ಪೂರ್ಣಾಂಕ ಕೆಳಗಿನ ಗಡಿ ದಾಟಿದರೂ ಮಿತಿಮೀರಿಕೆಯೇ. ಸಾಹಿತಿಗಳ ಜನ್ಮದಿನಗಳ ಟೇಬಲ್ ಒಂದನ್ನು ಯುನಿಕ್ಸ್ ಸೆಕೆಂಡುಗಳಲ್ಲಿ ಇಟ್ಟರೆ ಕುವೆಂಪು ಅವರ 1904ರ ಡಿಸೆಂಬರ್ 29 ಋಣ ಸಂಖ್ಯೆಯಾಗಿ ಹಿಡಿಸುತ್ತದೆ. ಬೇಂದ್ರೆ ಅವರ 1896ರ ಜನವರಿ 31 ಹಿಡಿಸುವುದಿಲ್ಲ.

ಮರುಪ್ರಶ್ನೆ

ವಿವರವಾದ ಉತ್ತರಕ್ಕೆ ವಂದನೆಗಳು. ಕೈಪಿಡಿ ಓದುವವರ ಕಣ್ಣಿಗೆ ಬೀಳುವುದು ತಪ್ಪು ದಿನಾಂಕ ಮಾತ್ರ. ಅದನ್ನು ನೋಡಿ ಯಾವ ಪರಿಣಾಮವೆಂದು ಗುರುತಿಸುವುದು ಹೇಗೆ? ಕಾಲಮ್ ಬದಲಿಸುವುದನ್ನು ‘ವಿಸ್ತರಣೆ’ ಎನ್ನಬಹುದೇ? ಇಂಟ್(11) ಇದ್ದದ್ದನ್ನು ಇಂಟ್(20) ಮಾಡಿದರೆ ಸಾಕು ಎಂದು ಕರಡಿನಲ್ಲಿದೆ.

ಉತ್ತರ 2

ಕೊನೆಯ ಸಾಲನ್ನು ಈಗಲೇ ಅಳಿಸಿ. ಆವರಣದೊಳಗಿನ ಅಂಕಿ ತೋರಿಸುವ ಅಗಲವೇ ಹೊರತು ಸಂಗ್ರಹಿಸುವ ಜಾಗವಲ್ಲ. ಇಂಟ್(11), ಇಂಟ್(20) ಎರಡೂ 4 ಬೈಟ್, ಮಿತಿ ಅದೇ 2147483647. ಮೈಎಸ್‌ಕ್ಯುಎಲ್ 8.0.17ರಿಂದ ಈ ಬರಹವನ್ನೇ ಕೈಬಿಡಬೇಕಾದ ಪಟ್ಟಿಗೆ ಸೇರಿಸಿದೆ. ‘ವಿಸ್ತರಣೆ’ ಎಂಬ ಪದವೂ ಇದೇ ತಪ್ಪು ಕಲ್ಪನೆಗೆ ಆಸ್ಪದ ಕೊಡುತ್ತದೆ. ‘8 ಬೈಟ್‌ನ ಬಿಗ್‌ಇಂಟ್‌ಗೆ ಬದಲಾವಣೆ’ ಎಂದು ನೇರವಾಗಿ ಬರೆಯಿರಿ.

ದಿನಾಂಕವೇ ರೋಗಲಕ್ಷಣ. 1901 ಕಂಡರೆ ಹೊರಳಿಕೆ. ಎಷ್ಟೋ ಸಾಲುಗಳಲ್ಲಿ ಒಂದೇ ಸಮನೆ 2038ರ ಜನವರಿ 19 ಕಂಡರೆ ಮಿತಿಗೆ ಕತ್ತರಿಸಿದ್ದು, ಬಹುಪಾಲು ಮಿಲಿಸೆಕೆಂಡುಗಳನ್ನು ಇಂಟ್ ಕಾಲಮ್‌ಗೆ ತುಂಬಿದ್ದರಿಂದ. 1944ರಂಥ ಅರ್ಥವಿಲ್ಲದ ವರ್ಷಗಳು ಚದುರಿದಂತೆ ಕಂಡರೆ ಬಿಟ್ ಉದುರುವಿಕೆ: ಮೇಲೆ ಬಂದ −807049216 ಸೆಕೆಂಡಾಗಿ ಓದಿದರೆ 1944ರ ಜೂನ್ 5. 1970ರ ಜನವರಿ 1, ಬೆಳಿಗ್ಗೆ 5:30 ಕಂಡರೆ ಬೆಲೆ ಸೊನ್ನೆ. 8.0.28ಕ್ಕಿಂತ ಹಳೆಯ ಮೈಎಸ್‌ಕ್ಯುಎಲ್‌ನ ಯುನಿಕ್ಸ್_ಟೈಮ್‌ಸ್ಟ್ಯಾಂಪ್ ಫಂಕ್ಷನ್ 2038 ದಾಟಿದ ದಿನಾಂಕಕ್ಕೆ ಸೊನ್ನೆಯನ್ನೇ ಮರಳಿಸುತ್ತಿತ್ತು.

ಇನ್ನೆರಡು ಲಕ್ಷಣಗಳು ಮಿತಿಮೀರಿಕೆಯೇ ಅಲ್ಲ, ಆದರೂ ಜನ ಅದೇ ಹೆಸರಿಟ್ಟು ಕರೆಯುತ್ತಾರೆ. 1970ರ ಜನವರಿ ಮೂರನೇ ವಾರದ ದಿನಾಂಕ ಕಂಡರೆ ಸೆಕೆಂಡನ್ನು ಮಿಲಿಸೆಕೆಂಡೆಂದು ಓದಲಾಗಿದೆ. ಐವತ್ತೈದು ಸಾವಿರದ ಆಚೆಯ ವರ್ಷ ಕಂಡರೆ ಅದರ ವಿರುದ್ಧ. ಇವಕ್ಕೆ ‘ಏಕಮಾನದ ತಪ್ಪು’ ಎಂದು ಹೆಸರಿಡಿ. ಕಾಲಮ್ ಬದಲಿಸಿದರೆ ಇವು ಸರಿಹೋಗುವುದಿಲ್ಲ.

ಹೆಸರು ಸರಿಯಾಗಿದ್ದರೆ ದುರಸ್ತಿಯೂ ಸರಿಯಾಗುತ್ತದೆ. ಹೊರಳಿದ ಬೆಲೆಗೆ 4294967296 ಕೂಡಿಸಿದರೆ ಮೂಲ ಸಿಗುತ್ತದೆ. ಆದರೆ 1970ಕ್ಕೆ ಮೊದಲು ಹುಟ್ಟಿದವರ ಜನ್ಮದಿನ ನ್ಯಾಯವಾಗಿಯೇ ಋಣ ಸಂಖ್ಯೆ, ಕಣ್ಣುಮುಚ್ಚಿ ಕೂಡಿಸಿದರೆ ಅವೂ ಕೆಡುತ್ತವೆ. ಸಾಲದ ಮುಕ್ತಾಯದಂಥ ಭವಿಷ್ಯದ ಕಾಲಮ್‌ಗಳಲ್ಲಿ ಮಾತ್ರ ಹೀಗೆ ಮಾಡಿ. ಕತ್ತರಿಸಿದ ಬೆಲೆ ಮರಳಿ ಬಾರದು, ಲಾಗ್ ಅಥವಾ ಬ್ಯಾಕಪ್ ಹುಡುಕಬೇಕು.

ಕಾಲಮ್ ಬದಲಾವಣೆಯನ್ನು ಒಂದೇ ಆಲ್ಟರ್ ಆಜ್ಞೆಯಲ್ಲಿ ಮಾಡಿದರೆ ಮೈಎಸ್‌ಕ್ಯುಎಲ್ ಇಡೀ ಟೇಬಲ್ ನಕಲಿಸುತ್ತದೆ, ಮುಗಿಯುವ ತನಕ ಬರೆಯಲಾಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಓದುವುದೂ ನಿಲ್ಲುತ್ತದೆ. ಚಿಕ್ಕ ಟೇಬಲ್‌ಗೆ ಚಿಂತೆಯಿಲ್ಲ. ದೊಡ್ಡದಾದರೆ ಪಕ್ಕದಲ್ಲಿ ಹೊಸ ಬಿಗ್‌ಇಂಟ್ ಕಾಲಮ್ ಸೇರಿಸಿ, ಕೋಡ್ ಎರಡಕ್ಕೂ ಬರೆಯುವಂತೆ ಮಾಡಿ, ಹಳೆಯ ಸಾಲುಗಳನ್ನು ಕೆಲವು ಸಾವಿರಗಳ ಕಂತಿನಲ್ಲಿ ತುಂಬಿ, ಎರಡೂ ತಾಳೆಯಾದ ಮೇಲೆ ಓದುವಿಕೆಯನ್ನು ಹೊಸದಕ್ಕೆ ತಿರುಗಿಸಿ. ಹಳೆಯದನ್ನು ತೆಗೆಯುವುದು ಕಟ್ಟಕಡೆಗೆ. ಹಳೆಯದರ ಮೇಲಿದ್ದ ಇಂಡೆಕ್ಸನ್ನು (ಬೇಗ ಹುಡುಕಲು ಇರುವ ಸೂಚಿ) ಹೊಸದಕ್ಕೂ ಕಟ್ಟಲು ಮರೆಯುವುದು ಇಲ್ಲಿ ಸಾಮಾನ್ಯ, ಆಗ ಓದುವಿಕೆ ತಿರುಗಿಸಿದ ಗಳಿಗೆಯಲ್ಲೇ ಸೈಟ್ ನಿಧಾನವಾಗುತ್ತದೆ. ಜಾಗದ ಲೆಕ್ಕ ಭಯಪಡುವಂಥದ್ದಲ್ಲ: 10 ಕೋಟಿ ಸಾಲಿಗೆ ಹೆಚ್ಚುವರಿ 40 ಕೋಟಿ ಬೈಟ್, ಇಂಡೆಕ್ಸ್‌ಗೆ ಇನ್ನಷ್ಟು.

ಡೇಟಾಬೇಸ್ ಬದಲಿಸಿ ಕೋಡ್‌ನಲ್ಲಿ ಇಂಟ್ ಹಾಗೆಯೇ ಬಿಟ್ಟರೆ ಮಿತಿಮೀರಿಕೆ ಜಾಗ ಬದಲಿಸುತ್ತದೆ ಅಷ್ಟೆ. ಜಾವಾದಲ್ಲಿ 24 ದಿನಗಳ ಮಿಲಿಸೆಕೆಂಡುಗಳನ್ನು ಇಂಟ್‌ಗಳಲ್ಲಿ ಗುಣಿಸಿದರೆ 2073600000, ಸರಿಯಾಗಿದೆ. 30 ದಿನಕ್ಕೆ ಬರಬೇಕಾದದ್ದು 2592000000, ಬರುವುದು −1702967296. ಫಲಿತಾಂಶವನ್ನು 64 ಬಿಟ್‌ನ ಲಾಂಗ್‌ನಲ್ಲಿ ಇಟ್ಟರೂ ಪ್ರಯೋಜನವಿಲ್ಲ, ಗುಣಾಕಾರ ಆಗಲೇ ಹೊರಳಿರುತ್ತದೆ. ಒಂದು ಅಂಕಿಯನ್ನಾದರೂ ಮೊದಲೇ ಲಾಂಗ್ ಮಾಡಬೇಕು. ಪರೀಕ್ಷೆಗೆ 2147483647, 2147483648, 4294967295, 4294967296, −1 ಈ ಐದು ಬೆಲೆಗಳನ್ನು ಫಾರ್ಮ್‌ನಿಂದ ಡೇಟಾಬೇಸ್‌ಗೆ, ಅಲ್ಲಿಂದ ವರದಿಗೆ ಹರಿಸಿ ನೋಡಿ.

ಕರಡಿನ ವಾಕ್ಯ ಹೀಗಿರಲಿ: “ಚಿಹ್ನೆಯುಳ್ಳ 32 ಬಿಟ್ ಕಾಲಮ್‌ನಲ್ಲಿ ಸೆಕೆಂಡುಗಳಾಗಿ ಇಟ್ಟ ಸಮಯಮುದ್ರೆ 2038ರ ಜನವರಿ 19 ದಾಟಿದ ಯಾವುದೇ ದಿನಾಂಕಕ್ಕೆ ಮಿತಿ ಮೀರುತ್ತದೆ. ಡೇಟಾಬೇಸಿನ ಮೋಡ್‌ಗೆ ತಕ್ಕಂತೆ ಸಾಲು ನಿರಾಕರಣೆಯಾಗಬಹುದು ಅಥವಾ ತಪ್ಪು ಬೆಲೆ ಉಳಿಯಬಹುದು.”

ಪದಪಟ್ಟಿಗೆ ಇನ್ನೊಂದು ಸೇರಿಸಿ. ‘ಚಿಹ್ನೆಯಿಲ್ಲದ ಪೂರ್ಣಾಂಕ’ ಎಂಬುದು ಉದ್ದವೆನಿಸಿದರೆ ಶಾಲಾ ಗಣಿತದ ‘ಪೂರ್ಣಸಂಖ್ಯೆ’ ಸಿದ್ಧವಾಗಿಯೇ ಇದೆ: ಸೊನ್ನೆಯಿಂದ ಮೇಲಿನವು ಪೂರ್ಣಸಂಖ್ಯೆಗಳು, ಋಣವೂ ಸೇರಿದರೆ ಪೂರ್ಣಾಂಕಗಳು. 32 ಬಿಟ್ ಪೂರ್ಣಸಂಖ್ಯೆಯ ಗರಿಷ್ಠ 4294967295, ಅದು 2106ರ ಫೆಬ್ರವರಿ 7ರ ಯುಟಿಸಿ 06:28:15. ಬದಲಿಗೆ 1970ಕ್ಕೆ ಹಿಂದಿನ ಒಂದು ದಿನವೂ ಅದರಲ್ಲಿ ಹಿಡಿಸುವುದಿಲ್ಲ.