ಗೇಟ್ಸ್ ಆಫ್ ದಿ ಆರ್ಕ್‌ಟಿಕ್‌ಗೆ ಹೊರಟವರು ಡಾಕ್ಟರನ್ನು ಕೇಳಿ

ಡಾಕ್ಟರ್ (ಫೇರ್‌ಬ್ಯಾಂಕ್ಸ್): ಗುಂಪಿನ ಕೆಲವರು ಜುಲೈನಲ್ಲಿ ಅಲಾಸ್ಕಾದ ಈ ಪಾರ್ಕಿಗೆ ಬರುತ್ತಿದ್ದಾರಂತೆ. ಒಳಗೆ ರಸ್ತೆ ಇಲ್ಲ, ಮಾಡಿಟ್ಟ ಕಾಲುದಾರಿಯೂ ಇಲ್ಲ. ಹೆಚ್ಚಿನವರು ಬೆಟಲ್ಸ್ ಎಂಬ ಹಳ್ಳಿಯಿಂದ ಸಣ್ಣ ವಿಮಾನದಲ್ಲಿ ಹೋಗಿ ಕೆರೆಯಲ್ಲೋ ನದಿ ದಂಡೆಯಲ್ಲೋ ಇಳಿಯುತ್ತಾರೆ. ಆರೋಗ್ಯದ ಪ್ರಶ್ನೆ ಇದ್ದರೆ ಕೇಳಿ.

ಸ್ಯಾನ್ ಹೋಸೆ ಗೆಳೆಯ: ನಮಸ್ಕಾರ ಸರ್. ಪರ್ಮಿಟ್ ಬೇಕಾ? ಫೋನ್ ಸಿಗುತ್ತಾ?

ಡಾಕ್ಟರ್: ನಮಸ್ಕಾರ. ಸ್ವಂತವಾಗಿ ಬರುವವರಿಗೆ ಪರ್ಮಿಟ್ ಬೇಡ, ಟಿಕೆಟ್ಟೂ ಇಲ್ಲ. ಮೊಬೈಲ್ ಸಿಗ್ನಲ್ ಇಲ್ಲ. ಸ್ಯಾಟಲೈಟ್ ಫೋನ್ ತನ್ನಿ. ಕರಡಿ ತೆರೆಯಲಾಗದ ಊಟದ ಡಬ್ಬಿಯನ್ನು ಪಾರ್ಕಿನವರೇ ಪುಕ್ಕಟೆ ಎರವಲು ಕೊಡುತ್ತಾರೆ.

ಟೆಕ್ಸಾಸ್ ಕನ್ನಡತಿ: ಜುಲೈನಲ್ಲಿ ನಾರ್ದರ್ನ್ ಲೈಟ್ಸ್ ಕಾಣುತ್ತಾ?

ಡಾಕ್ಟರ್: ಇಲ್ಲ. ಕತ್ತಲೇ ಆಗುವುದಿಲ್ಲ.

ಡೆನ್ವರ್ ಹುಡುಗ: ಡಾಕ್ಟ್ರೇ, ಊರಿಂದ ಅಪ್ಪ ಬರ್ತಿದ್ದಾರೆ. ವಯಸ್ಸು 64. ಇನ್ಸುಲಿನ್ ತಗೊಳ್ತಾರೆ, ಆದರೆ ದಿನಾ ವಾಕಿಂಗ್ ಮಾಡ್ತಾರೆ. ಇಬ್ಬರೇ 8 ದಿನ ಆರಿಗೆಚ್ ಶಿಖರಗಳ ಕಡೆ ನಡೆಯೋ ಪ್ಲಾನ್. 8 ದಿನದ ಊಟ ಹೊರುತ್ತೇವೆ. ಸಾಕಲ್ವಾ?

ಡಾಕ್ಟರ್: ಸಾಲದು. ಮೋಡ ಕವಿದರೆ ಪೈಲಟ್ ಬರುವುದಿಲ್ಲ. ಒಂದು ದಿನವೂ ಆಗಬಹುದು, ಮೂರೂ ಆಗಬಹುದು. ಊಟ, ಇನ್ಸುಲಿನ್, ಸೂಜಿ, ಸ್ಟ್ರಿಪ್ ಎಲ್ಲವೂ ಆ ಲೆಕ್ಕದಲ್ಲಿ ಜಾಸ್ತಿ ಇರಬೇಕು.

ಆದರೆ ನನಗೆ ಚಿಂತೆ ಊಟದ್ದಲ್ಲ. ಅಲ್ಲಿನ ನಡಿಗೆ ಊರಿನ ಪಾರ್ಕಿನ ವಾಕಿಂಗ್ ತರ ಅಲ್ಲ. ಕಾಲಿಟ್ಟರೆ ವಾಲುವ ಹುಲ್ಲಿನ ಗುಪ್ಪೆಗಳು, ನಡುವೆ ನೀರು, ಬೆನ್ನಿಗೆ ಭಾರ. ಅಷ್ಟು ದುಡಿದರೆ ದಿನದ ಇನ್ಸುಲಿನ್ ಡೋಸೇ ಜಾಸ್ತಿಯಾಗಿ ಶುಗರ್ ಕುಸಿಯುತ್ತದೆ, ರಾತ್ರಿ ನಿದ್ದೆಯಲ್ಲೂ ಕುಸಿಯಬಹುದು. ನಡುಗುವುದು, ತೊದಲುವುದು, ಎಡವುವುದು ಲೋ ಶುಗರ್‌ನಲ್ಲೂ ಇದೆ, ಮೈ ತಣ್ಣಗಾಗುವ ಹೈಪೋಥರ್ಮಿಯಾದಲ್ಲೂ ಇದೆ. ಮಳೆಯಲ್ಲಿ ನೆನೆದ ಅಪ್ಪ ತೊದಲಿದರೆ ಯಾವುದು ಅಂತ ಹೇಳುತ್ತೀರಿ? ಶುಗರ್ ಮೀಟರ್ ನೋಡೋಣ ಅಂದರೆ ಅದೂ ಚಳಿಯಲ್ಲಿ ಕೈಕೊಡುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಬೇಸಿಗೆಯಲ್ಲೂ ಅಲ್ಲಿ ಹಿಮ ಬೀಳುತ್ತದೆ. ಇನ್ಸುಲಿನ್, ಮೀಟರ್ ಎರಡನ್ನೂ ಮೈಗೆ ತಾಗಿದಂತೆ ಒಳಜೇಬಲ್ಲಿಡಬೇಕು, ಮಲಗುವಾಗ ಸ್ಲೀಪಿಂಗ್ ಬ್ಯಾಗ್ ಒಳಗೆ.

ಪಾದದ ಸ್ಪರ್ಶ ಸರಿಯಿದೆಯಾ, ಪರೀಕ್ಷೆ ಮಾಡಿಸಿದ್ದೀರಾ? ಬಿಪಿಗೆ ಮಾತ್ರೆ ತಗೊಳ್ಳುತ್ತಿದ್ದರೆ ಯಾವುದು? ಹೆಸರು ಬರೆಯಿರಿ.

ಹಾಸನದ ಅಂಕಲ್: ಫಾರ್ವರ್ಡ್ ಬಂದದ್ದು: ಚಳಿ ಹೊಡೆದರೆ ಎರಡು ಮುಚ್ಚಳ ಬ್ರಾಂಡಿ, ಎದೆಗೆ ಕರ್ಪೂರದೆಣ್ಣೆ. ಬೆಳ್ಳುಳ್ಳಿ ತಿಂದರೆ ಕರಡಿ ಹತ್ತಿರ ಬರಲ್ಲ.

ಡಾಕ್ಟರ್: ಬ್ರಾಂಡಿ ಬೇಡವೇ ಬೇಡ. ಅದು ಚರ್ಮದ ರಕ್ತನಾಳ ಹಿಗ್ಗಿಸುತ್ತದೆ. ಬೆಚ್ಚಗಾಯಿತು ಅನಿಸುತ್ತದೆ, ಒಳಗಿನ ಶಾಖ ಸೋರಿಹೋಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ ಇನ್ನೂ ಇಳಿಯುತ್ತದೆ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಟೆಂಟಿಗೆ ಸೇರಿಸಿ, ಪ್ರಜ್ಞೆ ಇದ್ದರೆ ಸಿಹಿ ಕುಡಿಸಿ. ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿ.

ಶಿರಸಿ ಚಾರಣಿಗ: ಕರಡಿಗೆ ಪೆಪ್ಪರ್ ಸ್ಪ್ರೇ ಸಾಕು.

ಫೀನಿಕ್ಸ್ ಅಣ್ಣ: ಗಾಳಿ ಎದುರಿದ್ದರೆ ನಿಮ್ಮ ಕಣ್ಣಿಗೇ ಬೀಳುತ್ತೆ. ಬಂದೂಕೇ ಸರಿ.

ಶಿರಸಿ ಚಾರಣಿಗ: ಓಡಿ ಬರೋ ಕರಡಿಗೆ ಗುರಿ ಇಡ್ತೀರಾ? ಎಂದಾದರೂ ಕಾಡು ನೋಡಿದ್ದೀರಾ?

ಫೀನಿಕ್ಸ್ ಅಣ್ಣ: ಶಿರಸಿಯಲ್ಲಿ ಕೂತು ಗ್ರಿಜ್ಲಿ ಕರಡಿ ಪಾಠ ಬೇಡ.

ಹಾಸನದ ಅಂಕಲ್: ಹಿರಿಯರ ಮದ್ದು ಹಗುರ ಮಾಡಬೇಡಿ ಡಾಕ್ಟ್ರೇ.

ಸ್ಯಾನ್ ಹೋಸೆ ಗೆಳೆಯ: ಡ್ರೋನ್ ತರಬಹುದಾ?

ಮಂಡ್ಯ ಟ್ರೆಕ್ಕರ್: ಸರ್, ಜಿಯೋ ರೋಮಿಂಗ್ ಬರುತ್ತಾ?

ಡಾಕ್ಟರ್: ಫೋನಿನ ಮಾತು ಮೇಲೆ ಇದೆ, ಓದಿ. ಸ್ಪ್ರೇಯನ್ನು ದೊಡ್ಡ ವಿಮಾನದಲ್ಲಿ ಬಿಡುವುದಿಲ್ಲ, ಇಲ್ಲಿ ಬಂದು ಕೊಳ್ಳಿ, ಸಣ್ಣ ವಿಮಾನದ ಪೈಲಟ್‌ಗೆ ಮೊದಲೇ ಹೇಳಿ. ಜಗಳ ಬೇರೆ ಕಡೆ ಆಡಿ. ಡೆನ್ವರ್‌ನವರೇ, ಉತ್ತರ ಕೊಡಿ.

ಡೆನ್ವರ್ ಹುಡುಗ: ಕೇಳಿದೆ ಡಾಕ್ಟ್ರೇ. ಅಟೆನೊಲಾಲ್. ಪಾದ ಸ್ವಲ್ಪ ಜೋಮು ಅಂತಾರೆ. ಇಷ್ಟು ದಿನ ಹೇಳಿರಲಿಲ್ಲ.

ಡಾಕ್ಟರ್: ಆ ಮಾತ್ರೆ ಲೋ ಶುಗರ್‌ನ ನಡುಕ, ಎದೆಬಡಿತ ಎರಡನ್ನೂ ಮುಚ್ಚಿಡುತ್ತದೆ. ಬೆವರು ಮಾತ್ರ ಕಾಣಬಹುದು, ಮಳೆಯಲ್ಲಿ ಅದೂ ತಿಳಿಯದು. ಜೋಮು ಹಿಡಿದ ಪಾದಕ್ಕೆ ಒದ್ದೆ ಶೂ ಕಚ್ಚಿದ್ದು ಗೊತ್ತಾಗುವುದಿಲ್ಲ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅವರ ಡಾಕ್ಟರಿಗೆ ಎಲ್ಲ ಹೇಳಿ. ಈ ನಡಿಗೆಗೆ ಅಪ್ಪನನ್ನು ಕರೆದೊಯ್ಯಬೇಡಿ. ಬೆಟಲ್ಸ್‌ನಿಂದ ಒಂದೇ ದಿನದ ವಿಮಾನ ಸುತ್ತು ಮಾಡಿ, ಅಥವಾ ಅನಾಕ್ಟುವುಕ್ ಪಾಸ್ ಹಳ್ಳಿಗೆ ಹೋಗಿ. ಅಲ್ಲಿನ ಮೂಲನಿವಾಸಿ ನುನಾಮಿಯುಟ್ ಜನರ ಊರು, ಪಾರ್ಕಿನ ನಡುವೆಯೇ ಇದೆ. ಫೇರ್‌ಬ್ಯಾಂಕ್ಸ್‌ನಿಂದ ವಿಮಾನ ಇದೆ. ಅಪ್ಪ ಬೆಟ್ಟ ನೋಡಲಿ, ರಾತ್ರಿ ಸೂರಿನಡಿ ಮಲಗಲಿ.

ಡೆನ್ವರ್ ಹುಡುಗ: ಅಪ್ಪನಿಗೆ ಬೇಜಾರಾಗುತ್ತೆ. ಆದ್ರೂ ಹಳ್ಳಿಗೇ ಟಿಕೆಟ್ ನೋಡ್ತೀನಿ.

ಟೆಕ್ಸಾಸ್ ಕನ್ನಡತಿ: ಸೊಳ್ಳೆಗೆ ಬೇವಿನೆಣ್ಣೆ ಸಾಕಾ?