ನೈ-ಓಲೆಸುಂಡ್ ಮರೈನ್ ಲ್ಯಾಬ್ ಬಗ್ಗೆ ಗೊತ್ತಿದ್ದವರು ಹೇಳಿ

ಪ್ರಶ್ನೆ: ತಂಗಿ ಜೂನ್‌ನಲ್ಲಿ ಸ್ವಾಲ್ಬಾರ್ಡ್‌ಗೆ (ಉತ್ತರ ಧ್ರುವದ ಹತ್ತಿರದ ನಾರ್ವೆಯ ದ್ವೀಪಗಳು) ಹೊರಟಿದ್ದಾಳೆ, ಅಲ್ಲಿನ ನೈ-ಓಲೆಸುಂಡ್ ಊರಿನ ಲ್ಯಾಬಿಗೆ, ಕಡಲಪಾಚಿ ಕೆಲಸಕ್ಕೆ. ಅಲ್ಲಿ ಸೌಕರ್ಯ ಹೇಗಿದೆ? ದಿನಾ ಫೋನ್ ಮಾಡಬಹುದಾ?

ಉತ್ತರ: ಲ್ಯಾಬ್ ತುಂಬಾ ಚೆನ್ನಾಗಿದೆ ಸರ್, 2005ರಲ್ಲಿ ಶುರುವಾಗಿದ್ದು. ಫ್ಯೋರ್ಡ್‌ನ (ಬೆಟ್ಟಗಳ ನಡುವೆ ಒಳಚಾಚಿದ ಕಡಲು) ನೀರು ಪಂಪಿನಲ್ಲಿ ನೇರ ತೊಟ್ಟಿಗೇ ಬರುತ್ತದೆ. ಕೈ ಅದ್ದಿದರೆ ಬೆರಳು ಮರಗಟ್ಟುತ್ತದೆ. ಕೆಲ್ಪ್ ಅನ್ನುವ ಕಂದು ಕಡಲಪಾಚಿ ಮಾತ್ರ ಅದರಲ್ಲಿ ಹಾಯಾಗಿರುತ್ತದೆ! ವೈಫೈ, ಬ್ಲೂಟೂತ್ ಬಂದ್. ಅಲ್ಲಿನ ದೊಡ್ಡ ಆಂಟೆನಾಗಳಿಗೆ ಅಡ್ಡಿಯಾಗುತ್ತದೆ. ಫೋನ್ ಮಾಡಲು ಕೇಬಲ್ ಇಂಟರ್ನೆಟ್ ಇದೆ. ನಮ್ಮ ಭಾರತದ ಸಂಶೋಧನಾ ಕೇಂದ್ರ ಹಿಮಾದ್ರಿಯೂ 2008ರಿಂದ ಅದೇ ಊರಲ್ಲಿದೆ.

ಇನ್ನೊಬ್ಬರು: ಜೂನ್ ಅಲ್ವಾ, ಟರ್ನ್ ಹಕ್ಕಿಗಳು ದಾರಿ ಪಕ್ಕದಲ್ಲೇ ಮೊಟ್ಟೆ ಇಡುತ್ತವೆ. ಹತ್ತಿರ ಹೋದರೆ ತಲೆಗೇ ಕುಕ್ಕುತ್ತವೆ. ಒಂದು ಕೋಲು ಮೇಲೆತ್ತಿ ಹಿಡಿದು ನಡೆಯಲಿ.

ಪ್ರಶ್ನೆ ಕೇಳಿದವರು: ಹಿಮಕರಡಿ ಬರುತ್ತಾ?

ಉತ್ತರ: ಬರುತ್ತದೆ. ಅದಕ್ಕೇ ಯಾರೂ ಮನೆಗೆ ಬೀಗ ಹಾಕುವುದಿಲ್ಲ, ಕರಡಿ ಕಂಡರೆ ಜನ ಸಿಕ್ಕ ಬಾಗಿಲಿಗೆ ನುಗ್ಗಬಹುದು.