ಪದ ಬೇಕು: ದೆವ್ವಕ್ಕೆ ಮನಸೋಲುವ ಕಾದಂಬರಿಗೆ ಏನನ್ನೋಣ?

ನಮಸ್ಕಾರ. ಇಂಗ್ಲೆಂಡಿನ ಟ್ಯೂಡರ್ ವಂಶದ ದೊರೆ ಎಂಟನೇ ಹೆನ್ರಿಯ ಆಸ್ಥಾನದಲ್ಲಿ ನಡೆಯುವ ಕಾದಂಬರಿಯೊಂದನ್ನು ಅನುವಾದಿಸುತ್ತಿದ್ದೇನೆ. ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ರಾಣಿಯ ದಾಸಿಯೊಬ್ಬಳು ಸತ್ತವನೊಬ್ಬನನ್ನು ಪ್ರೀತಿಸುತ್ತಾಳೆ. ಇಂಗ್ಲಿಷಿನಲ್ಲಿ ಈ ಬಗೆಗೆ 'ಪ್ಯಾರಾನಾರ್ಮಲ್ ರೊಮ್ಯಾನ್ಸ್' ಅಂತಾರೆ. 'ಅತೀಂದ್ರಿಯ ಪ್ರಣಯ' ಅಂದರೆ ಯೋಗದ ಪುಸ್ತಕದ ಹಾಗೆ ಕೇಳಿಸುತ್ತೆ. ಮುಖಪುಟ ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಮರು:
ಅತೀಂದ್ರಿಯ ಬೇಡವೇ ಬೇಡ. ಕನ್ನಡದ್ದೇ ಇದೆ: ಮರುಳು. ಹಳಗನ್ನಡದಲ್ಲಿ ಮರುಳ್ ಅಂದರೆ ಪಿಶಾಚಿ. ರನ್ನನ ಗದಾಯುದ್ಧದ ರಣರಂಗದಲ್ಲಿ ದುರ್ಯೋಧನನನ್ನು ಹಂಗಿಸುವುದು ಮರುಳುಗಳೇ. ಹುಚ್ಚು, ಮೋಹ ಎಂಬ ಅರ್ಥವೂ ಅದಕ್ಕಿದೆ. 'ಮರುಳೊಲವು' ಅನ್ನಿ, ಮುಗೀತು.

ಮರು: ಮರು:
ಮುಗೀಲಿಲ್ಲ. ಇವತ್ತಿನ ಓದುಗರಿಗೆ ಮರುಳೊಲವು ಅಂದರೆ ಹುಚ್ಚು ಪ್ರೀತಿ, ಅಷ್ಟೇ. ದೆವ್ವ ಎಲ್ಲಿ ಕಾಣುತ್ತೆ? 'ಭೂತ'ವೂ ಬೇಡ, ನಮ್ಮ ತುಳುನಾಡಿನಲ್ಲಿ ಭೂತಕ್ಕೆ ಕೋಲ ಕೊಟ್ಟು ಕೈಮುಗಿಯುತ್ತೇವೆ. 'ದೆವ್ವದ ಪ್ರೇಮಕಥೆ' ಸಾಕು.

ಮರು: ಮರು:
ದೆವ್ವ 'ದೈವ'ದ ತದ್ಭವ. ಭೂತ, ಪ್ರೇತ, ಪಿಶಾಚಿ ಎಲ್ಲವೂ ಸಂಸ್ಕೃತದ ಎರವಲು. ನಮ್ಮದೊಂದು ಉಳಿದಿರುವಾಗ ಅದನ್ನೂ ಕೈಬಿಡಬೇಕೆ?

ಮರು: ಮರು:
ತದ್ಭವ ಕನ್ನಡವಲ್ಲ ಅನ್ನುವ ವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಕೇಶಿರಾಜ ತನ್ನ ವ್ಯಾಕರಣ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೇ, ಅಂದರೆ ತದ್ಭವಕ್ಕೇ, ಒಂದು ಪ್ರಕರಣ ಕೊಟ್ಟಿದ್ದಾನೆ. ಹೊರಗಿನದೆಂದು ತಳ್ಳುತ್ತ ಹೋದರೆ ಅಡುಗೆಮನೆಯಲ್ಲಿ ಮೆಣಸಿನಕಾಯಿಯೂ ಉಳಿಯಲ್ಲ.

ಮೇಡಂ, ನನ್ನ ತಕರಾರು 'ದಾಸಿ'ಯ ಮೇಲೆ. ರಾಣಿಯ ಜೊತೆಗಿರುತ್ತಿದ್ದವರು ದೊಡ್ಡ ಮನೆತನದ ಹೆಣ್ಣುಮಕ್ಕಳು. ಕ್ಯಾಥರೀನ್ ಹೋವರ್ಡ್ ಮೊದಲು ರಾಣಿ ಆನ್ ಆಫ್ ಕ್ಲೀವ್ಸಳ ಓಲಗದಲ್ಲಿದ್ದವಳು, 1540ರಲ್ಲಿ ಹೆನ್ರಿಯನ್ನು ಮದುವೆಯಾಗಿ ತಾನೇ ರಾಣಿಯಾದಳು. 1542ರ ಫೆಬ್ರವರಿ 13ರಂದು ಅವಳ ತಲೆ ಕಡಿದರು, ಅದೇ ದಿನ ಅವಳ ಸಖಿ ಜೇನ್ ಬೊಲಿನ್‌ಳದ್ದೂ. ಅವರನ್ನು ದಾಸಿ ಅನ್ನಬಹುದೇ? 'ಸಖಿ' ಅನ್ನಿ. ಹ್ಯಾಂಪ್ಟನ್ ಕೋರ್ಟಿನ ಒಂದು ಪಡಸಾಲೆಗೆ ದೆವ್ವದ ಪಡಸಾಲೆ ಅಂತಲೇ ಹೆಸರು, ಕ್ಯಾಥರೀನ್ ಅಲ್ಲಿ ಚೀರುತ್ತ ಓಡುತ್ತಾಳೆಂದು ಜನ ಹೇಳುತ್ತಾರೆ. ಅದು ಅನ್ಯಾಯವಾಗಿ ಸತ್ತ ಹೆಣ್ಣಿನ ಕತೆ, 'ಅಲೌಕಿಕ' 'ಅತಿಮಾನುಷ' ಅಂತೆಲ್ಲ ಬರೆದರೆ ಆ ಸಂಕಟವೇ ಹೊರಟುಹೋಗುತ್ತದೆ.

ಮರು: ಮರು:
ಎಲ್ಲರಿಗೂ ವಂದನೆ. 'ಸಖಿ' ಹಾಕಿದೆ. ಮುಖಪುಟಕ್ಕೆ 'ಟ್ಯೂಡರ್ ಅರಮನೆಯ ದೆವ್ವದ ಪ್ರೇಮಕಥೆ'. ಒಳಗೆ, ಅವಳು ಅವನನ್ನು ಮೊದಲು ಕಾಣುವಲ್ಲಿ, 'ಮರುಳಾದಳು' ಅಂತ ಬಳಸಿಕೊಳ್ಳುತ್ತೇನೆ.

ಮರು: ಮರು:
'ಪ್ರೇಮಕಥೆ' ಯಾಕೆ? 'ಒಲವಿನ ಕತೆ' ಅನ್ನಿ.